ತಳಿ ಕೆಟ್ಟು ಹೋಯ್ತಾ?

ನಾನು ಗಿಡಗಳ ರೋಗದ ಬಗ್ಗೆ ಓದಿದವಳು ಅಂತ ಗೊತ್ತಾದ ಕೂಡಲೇ ತೀರ್ಥಹಳ್ಳಿ, ಹೊಸನಗರದ ಕಡೆಯ ನೆಂಟರು, ಪರಿಚಯದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ರೋಗ ಬರಲ್ಲ ಅಂತ ಹೇಳಿ ಬೀಜ ಕೊಟ್ರು ಮಾರಾಯ್ರೆ. ಮೊದಮೊದಲು ಗದ್ದೆ ಚೆನ್ನಾಗೇ ಇತ್ತು. ಈಗ ನೋಡಿದ್ರೆ ಮತ್ತೆ ಬೆಂಕಿ ರೋಗ. ತಳಿ ಕೆಟ್ಟು ಹೋಯ್ತಾ?"

ತಳಿ ಕೆಟ್ಟಿಲ್ಲ. ಬೀಜ ಕೊಟ್ಟವರು ಸುಳ್ಳು ಹೇಳಿದರು ಅಂತಲೂ ಅಲ್ಲ. ನಿಮ್ಮ ಭತ್ತ ಮೊದಲ ವರ್ಷ ಹೇಗಿತ್ತೋ ಇವತ್ತೂ ಹಾಗೇ ಇದೆ. ತೊಂದರೆ ಇರುವುದೇ ಅಲ್ಲಿ. ಬೆಂಕಿ ರೋಗದ ಶಿಲೀಂಧ್ರ ಮಾತ್ರ ಹಾಗೇ ಉಳಿದಿಲ್ಲ.

ಮನುಷ್ಯರಿಗೆ ಒಮ್ಮೆ ದಡಾರ ಬಂದು ಹೋದರೆ ಮತ್ತೆ ಬರುವುದು ಅಪರೂಪ. ರಕ್ತದಲ್ಲಿ ಓಡಾಡುವ ಕಣಗಳು ಆ ವೈರಸ್ಸನ್ನು ನೆನಪಿಟ್ಟುಕೊಂಡಿರುತ್ತವೆ. ಗಿಡಕ್ಕೆ ಅಂಥ ಓಡಾಡುವ ಕಣಗಳಿಲ್ಲ. ಒಂದೊಂದು ಜೀವಕೋಶವೂ ತನ್ನನ್ನು ತಾನೇ ಕಾಯಬೇಕು. ಒಂದು ಎಲೆಗೆ ರೋಗ ತಗುಲಿದರೆ ಉಳಿದ ಎಲೆಗಳು ಸ್ವಲ್ಪ ಕಾಲ ಎಚ್ಚರವಾಗಿರುವುದುಂಟು. ಆದರೆ ಹೊಸ ಶತ್ರುವನ್ನು ಗುರುತಿಸುವ ಹೊಸ ಪ್ರೋಟೀನನ್ನು ಆ ಗಿಡ ಬದುಕಿನ ನಡುವೆ ಕಲಿಯಲಾರದು. ಯಾವ ಪ್ರೋಟೀನು ಇರಬೇಕು ಅನ್ನುವುದು ಬೀಜದಲ್ಲೇ ಬಂದಿರುತ್ತದೆ.

ಈ ಕಾವಲು ಎರಡು ಹಂತದ್ದು. ಕೋಶದ ಹೊರಮೈ ಮೇಲಿನ ಪ್ರೋಟೀನುಗಳು ಶಿಲೀಂಧ್ರದ ಗೋಡೆಯ ಕೈಟಿನ್ ಚೂರನ್ನೋ ಬ್ಯಾಕ್ಟೀರಿಯಾದ ಬಾಲದ ಚೂರನ್ನೋ ಗುರುತಿಸುತ್ತವೆ. ಎಷ್ಟೋ ರೋಗಾಣುಗಳು ಇಲ್ಲೇ ಸೋಲುತ್ತವೆ. ಗಟ್ಟಿ ರೋಗಾಣುಗಳು ತಮ್ಮ ಪ್ರೋಟೀನುಗಳನ್ನು ಕೋಶದ ಒಳಗೆ ತೂರಿಸಿ ಈ ಕಾವಲನ್ನು ಅಡಗಿಸಿಬಿಡುತ್ತವೆ. ಆಗ ಕೆಲಸಕ್ಕೆ ಬರುವುದು ಒಳಗಿರುವ ಎನ್‌ಎಲ್‌ಆರ್ ಎಂಬ ಗುಂಪಿನ ಪ್ರೋಟೀನುಗಳು. ಇವು ಒಳನುಗ್ಗಿದ ಪ್ರೋಟೀನನ್ನು ನೇರವಾಗಿ ಹಿಡಿಯುತ್ತವೆ, ಇಲ್ಲವೇ ಅದು ಮಾಡಿದ ಹಾನಿ ಕಂಡು ಎಚ್ಚೆತ್ತುಕೊಳ್ಳುತ್ತವೆ. ಎಷ್ಟೋ ಸಲ ಆ ಕೋಶವೇ ಸಾಯುತ್ತದೆ. ಬದುಕಿರುವ ಕೋಶವನ್ನೇ ನೆಚ್ಚಿಕೊಂಡ ರೋಗಾಣುವಿಗೆ ಸತ್ತ ಕೋಶದಲ್ಲಿ ಮುಂದೆ ಹರಡಲು ಆಸರೆ ಸಿಗುವುದಿಲ್ಲ.

ಇದು ನಡೆಯುವ ಬಗೆ ಚಿತ್ರದಲ್ಲಿ ಕಂಡಿದ್ದು 2019ರಲ್ಲಿ. ಚೀನಾದ ವಿಜ್ಞಾನಿಗಳು ಝಾರ್1 ಎಂಬ ಎನ್‌ಎಲ್‌ಆರ್ ಪ್ರೋಟೀನಿನ ರಚನೆಯನ್ನು ತೋರಿಸಿದರು. ಐದು ಪ್ರೋಟೀನುಗಳು ಸೇರಿ ಚಕ್ರ ಕಟ್ಟುತ್ತವೆ. ಅದರ ನಡುವಿನಿಂದ ಒಂದು ಕೊಳವೆ ಎದ್ದು ಕೋಶದ ಪೊರೆಗೆ ಚುಚ್ಚಿಕೊಳ್ಳುತ್ತದೆ. ಆ ದಾರಿಯಲ್ಲಿ ಕ್ಯಾಲ್ಸಿಯಂ ಒಳಗೆ ಹರಿಯುತ್ತದೆ. ಗಿಡವೆಂದರೆ ಸುಮ್ನೆ ನಿಂತಿರುವ ಜೀವ ಅನ್ನುವವರಿಗೆ ಈ ಚಿತ್ರ ತೋರಿಸಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಈಗ ತಳಿ ಸೋಲುವ ವಿಷಯಕ್ಕೆ ಬರೋಣ. ಅದರ ಕಥೆ ನಮ್ಮ ಮಲೆನಾಡಿನಲ್ಲೇ ಇದೆ. ಕೆಂಟ್ಸ್ ಎಂಬ ಕಾಫಿ ತಳಿ ತುಕ್ಕು ರೋಗ ತಡೆಯುತ್ತದೆ ಅಂತ ಒಂದು ಕಾಲಕ್ಕೆ ಎಲ್ಲ ಕಡೆ ನೆಟ್ಟರು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹಿಡಿಯಿತು. 1930ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿದ್ದ ಮೇನ್ ಎಂಬ ವಿಜ್ಞಾನಿ ಕಾರಣ ತೋರಿಸಿದರು. ತುಕ್ಕಿನಲ್ಲಿ ಒಂದಲ್ಲ, ಹಲವು ಬಗೆಗಳಿವೆ. ಕೆಂಟ್ಸ್ ಒಂದು ಬಗೆಯನ್ನು ತಡೆಯುತ್ತದೆ, ಇನ್ನೊಂದು ಬಗೆಗೆ ಸೋಲುತ್ತದೆ. ಅಮೆರಿಕದಲ್ಲಿ ಹೆರಾಲ್ಡ್ ಫ್ಲೋರ್ ಅಗಸೆ ಗಿಡ ಮತ್ತು ಅದರ ತುಕ್ಕನ್ನು ಇಟ್ಟುಕೊಂಡು, ಗಿಡದ ಒಂದು ಜೀನಿಗೆ ರೋಗಾಣುವಿನ ಒಂದು ಜೀನ್ ಎದುರಾಗಿ ನಿಲ್ಲುತ್ತದೆ ಎಂದು ತೋರಿಸಿದ್ದು ಆಮೇಲೆ, 1940ರ ದಶಕದಲ್ಲಿ. ಆ ಹೊತ್ತಿಗೆ ಬಾಳೆಹೊನ್ನೂರಿನವರು ಎಸ್. 795 ತಳಿ ಕೊಟ್ಟರು. ಅದಕ್ಕೆ ತುಕ್ಕು ತಡೆಯುವ ಗುಣ ಬಂದಿದ್ದು ಲೈಬೀರಿಕಾ ಎಂಬ ಬೇರೆ ಜಾತಿಯ ಕಾಫಿಯಿಂದ. ಆ ಗುಣ ಇರುವ ಜಾಗವನ್ನು ಈಚೆಗೆ ಓದಿ ನೋಡಿದರೆ, ಅಲ್ಲಿ ಎನ್‌ಎಲ್‌ಆರ್ ಜೀನುಗಳೇ ಗುಂಪಾಗಿ ಕೂತಿವೆ.

ಗುಂಪಾಗಿ ಅನ್ನುವುದು ಮುಖ್ಯ. ಗಿಡಗಳಲ್ಲಿ ಈ ಜೀನುಗಳು ಬಹಳ ಸಲ ಅಕ್ಕಪಕ್ಕದಲ್ಲೇ ಇರುತ್ತವೆ. ಪರಾಗ, ಅಂಡ ಆಗುವಾಗ ಜೀನುಗಳ ಅದಲುಬದಲು ನಡೆಯುತ್ತದಲ್ಲ, ಆಗ ಒಂದೇ ಥರದ ಜೀನುಗಳು ಪಕ್ಕದಲ್ಲಿದ್ದರೆ ಜೋಡಣೆ ತಪ್ಪುತ್ತದೆ. ಒಂದು ಕಡೆಗೆ ಒಂದು ಪ್ರತಿ ಜಾಸ್ತಿ, ಇನ್ನೊಂದು ಕಡೆಗೆ ಕಡಿಮೆ. ಎರಡು ಜೀನುಗಳ ಅರ್ಧರ್ಧ ಸೇರಿ ಹೊಸದೊಂದು ಹುಟ್ಟುವುದೂ ಉಂಟು. ಜಾಸ್ತಿ ಆದ ಪ್ರತಿ ಬದಲಾಗುತ್ತಾ ಹೋಗಬಹುದು, ಹಳೆಯದು ತನ್ನ ಕೆಲಸ ಮಾಡಿಕೊಂಡಿರುತ್ತದೆ. ಉಪಯೋಗಕ್ಕೆ ಬಂದದ್ದು ಉಳಿಯುತ್ತದೆ, ಬಾರದ್ದು ಕೆಟ್ಟು ಅಳಿಯುತ್ತದೆ. ರೋಗಾಣುವನ್ನು ಗುರುತಿಸುವ ಭಾಗವಂತೂ ಉಳಿದ ಭಾಗಗಳಿಗಿಂತ ಬೇಗ ಬದಲಾಗುತ್ತದೆ. ಮನುಷ್ಯರಲ್ಲಿ ಇಂಥದೇ ಆಕಾರದ ಪ್ರೋಟೀನುಗಳು ಇಪ್ಪತ್ತರ ಆಸುಪಾಸು. ಭತ್ತದಲ್ಲಿ 400ಕ್ಕೂ ಜಾಸ್ತಿ. ಇವು ಗಿಡಗಳಲ್ಲೂ ಪ್ರಾಣಿಗಳಲ್ಲೂ ಬೇರೆಬೇರೆಯಾಗಿ ಜೋಡಣೆಯಾದವು ಅನ್ನುವುದು ಈಗಿನ ತಿಳಿವಳಿಕೆ. ಬಿಡಿಭಾಗಗಳು ಮಾತ್ರ ಬ್ಯಾಕ್ಟೀರಿಯಾಗಳಲ್ಲೂ ಕಾಣುವಷ್ಟು ಹಳೆಯವು.

ಬೆಂಕಿ ರೋಗದ್ದೇ ಉದಾಹರಣೆ ನೋಡಿ. ಈ ಶಿಲೀಂಧ್ರದ ಒಂದು ಪ್ರೋಟೀನು ಭತ್ತದ ಕೋಶದೊಳಗೆ ಹೋಗಿ ಅಲ್ಲಿನ ಒಂದು ಬಗೆಯ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಭತ್ತ ಮಾಡಿದ್ದೇನು ಗೊತ್ತಾ? ಅಂಥದೇ ಪ್ರೋಟೀನಿನ ಒಂದು ತುಂಡು ಪಿಕ್ ಎಂಬ ಎನ್‌ಎಲ್‌ಆರ್ ಒಳಗೇ ಸೇರಿಕೊಂಡಿದೆ, ಗಾಳಕ್ಕೆ ಸಿಕ್ಕಿಸಿದ ಎರೆಹುಳುವಿನ ಹಾಗೆ. ಶಿಲೀಂಧ್ರದ ಪ್ರೋಟೀನು ಅದಕ್ಕೆ ಅಂಟಿಕೊಂಡಿತೋ, ಸಿಕ್ಕಿಬಿತ್ತು. ಶಿಲೀಂಧ್ರ ಏನು ಮಾಡಿತು? ತನ್ನ ಪ್ರೋಟೀನನ್ನು ಸ್ವಲ್ಪ ಬದಲಿಸಿಕೊಂಡಿತು. ಭತ್ತದಲ್ಲಿ ಪಿಕ್‌ನ ಇನ್ನೊಂದು ರೂಪ ಬಂತು, ಅದು ಬದಲಾದದ್ದನ್ನೂ ಹಿಡಿಯಿತು. ಶಿಲೀಂಧ್ರದಲ್ಲಿ ಮತ್ತೊಂದು ರೂಪ ಬಂತು. ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ, ಅಷ್ಟಕ್ಕೇ ತಪ್ಪಿಸಿಕೊಂಡಿತು. ಸೋತ ತಳಿ ಅಂದರೆ ಇಷ್ಟೇ.

ಹಾಗಾದರೆ ಎಲ್ಲ ಜೀನುಗಳನ್ನೂ ಒಂದೇ ಗಿಡಕ್ಕೆ ತುಂಬಬಾರದಾ ಅಂತ ಕೇಳುತ್ತಾರೆ. ಕಾವಲಿಗೆ ಖರ್ಚಿದೆ. ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಷಿಕಾಗೋದ ವಿಜ್ಞಾನಿಗಳು ಒಂದೇ ಒಂದು ನಿರೋಧಕ ಜೀನಿನ ಖರ್ಚು ಅಳೆದರು. ರೋಗವಿಲ್ಲದ ಹೊಲದಲ್ಲಿ ಆ ಜೀನ್ ಇದ್ದ ಗಿಡಗಳು ಶೇ. 9ರಷ್ಟು ಕಡಿಮೆ ಬೀಜ ಕೊಟ್ಟವು. ಅದು 2003ರ ಕೆಲಸ. ಎರಡು ಊರಿನ ಗಿಡಗಳನ್ನು ಸೇರಿಸಿ ತಳಿ ಮಾಡಿದಾಗ, ಇವುಗಳ ಕಾವಲು ಪ್ರೋಟೀನುಗಳು ಒಂದಕ್ಕೊಂದು ಹೊಂದದೆ, ರೋಗವೇ ಇಲ್ಲದಿದ್ದರೂ ಎಲೆ ಒಣಗಿ ಗಿಡ ಕುಗ್ಗಿದ್ದೂ ಇದೆ. ಹಾಗಾಗಿ ಕಾಡಿನಲ್ಲಿ ಯಾವ ಗಿಡವೂ ಎಲ್ಲವನ್ನೂ ಹೊತ್ತುಕೊಂಡಿಲ್ಲ. ಒಂದರಲ್ಲಿ ಒಂದಿದೆ, ಪಕ್ಕದ್ದರಲ್ಲಿ ಇನ್ನೊಂದಿದೆ. ಗಿಡಗಳ ನೆನಪು ಇಡೀ ಜಾತಿಯಲ್ಲಿ ಹಂಚಿಹೋಗಿದೆ. ನಾವು ಒಂದೇ ತಳಿಯನ್ನು ಊರಿಗೆ ಊರೇ ಬೆಳೆದಾಗ ಆ ಹಂಚಿಕೆ ಇಲ್ಲವಾಗುತ್ತದೆ. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ. ಹಳೆಯ ಭತ್ತದ ತಳಿಯೊಂದು ಹೋಯಿತು ಅಂದರೆ ಅದರ ಜೊತೆ ಎಷ್ಟು ಕಾವಲು ಪ್ರೋಟೀನುಗಳು ಹೋದವು ಅಂತ ಯಾರೂ ಕೇಳುವುದಿಲ್ಲ.

ಒಂದೆರಡನ್ನು ಸೇರಿಸಬಹುದು, ಅದು ಆಗಿದೆ ಕೂಡ. ಭತ್ತದ ಎಲೆ ಅಂಗಮಾರಿ ತಡೆಯುವ ಎಕ್ಸ್‌ಎ21 ಜೀನ್ ಸಿಕ್ಕಿದ್ದು ಆಫ್ರಿಕಾದ ಕಾಡುಭತ್ತದಲ್ಲಿ. ಅದರ ಜೊತೆ ಇನ್ನೆರಡು ಜೀನುಗಳನ್ನು ಸಾಂಬಾ ಮಸೂರಿಗೆ ಸೇರಿಸಿ ಹೈದರಾಬಾದಿನಲ್ಲಿ ಸುಧಾರಿತ ತಳಿ ಮಾಡಿದರು. ಮೂರನ್ನೂ ಒಟ್ಟಿಗೇ ತಪ್ಪಿಸಿಕೊಳ್ಳುವುದು ರೋಗಾಣುವಿಗೆ ಸುಲಭವಲ್ಲ. ಇನ್ನೊಂದು ದಾರಿ ಬೆರಕೆ ನಾಟಿ. ಚೀನಾದ ಯುನ್ನಾನ್‌ನಲ್ಲಿ ಬೆಂಕಿ ರೋಗಕ್ಕೆ ಬೇಗ ಸೋಲುವ ಭತ್ತವನ್ನು ರೋಗ ತಡೆಯುವ ತಳಿಯ ಸಾಲುಗಳ ನಡುವೆ ಬೆಳೆದರು. ಒಂದೇ ತಳಿಯ ಗದ್ದೆಗೆ ಹೋಲಿಸಿದರೆ ಆ ಭತ್ತದಲ್ಲಿ ರೋಗ ಶೇ. 94ರಷ್ಟು ಕಡಿಮೆಯಾಯಿತು. 2000ನೇ ಇಸವಿಯಲ್ಲಿ ಬಂದ ಈ ಫಲಿತಾಂಶವನ್ನು ನಮ್ಮಲ್ಲಿ ಇನ್ನೂ ಜಾಸ್ತಿ ಜನ ಪ್ರಯತ್ನಿಸಬೇಕು.

ಕೊನೆಗೆ ಎಲ್ಲರೂ ಅಡಿಕೆಗೆ ಬರುತ್ತಾರೆ. ಕೊಳೆ ರೋಗಕ್ಕೆ ಇಂಥದೇನಾದರೂ ಇಲ್ವಾ? ಅಡಿಕೆಯದು ಕಷ್ಟದ ಲೆಕ್ಕ. ಸಸಿ ಫಸಲಿಗೆ ಬರಲು ವರ್ಷಗಳು ಬೇಕು. ಕೊಳೆ ತರುವ ಫೈಟಾಫ್ತೊರಾ ಎಂಬ ರೋಗಾಣು ಒಂದೇ ಮಳೆಗಾಲದಲ್ಲಿ ಎಷ್ಟೋ ತಲೆಮಾರು ದಾಟುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆ ರೋಗವನ್ನು ಅಭ್ಯಾಸ ಮಾಡಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಲು ಹೇಳಿಕೊಟ್ಟರು. ಇವತ್ತಿಗೂ ನಾವು ಅದನ್ನೇ ನಂಬಿದ್ದೇವೆ. ಔಷಧಿ ಬಿಡಬೇಡಿ. ಆದರೆ ಜೋರು ಮಳೆಯ ವರ್ಷಗಳಲ್ಲಿ, ಸುತ್ತಲಿನ ಮರಗಳ ಕಾಯೆಲ್ಲ ಉದುರಿದರೂ ಒಂದು ಮರ ಮತ್ತೆ ಮತ್ತೆ ಉಳಿದುಕೊಂಡರೆ ಅದಕ್ಕೆ ಬಣ್ಣದ ಗುರುತು ಹಾಕಿ. ಎಲೆಚುಕ್ಕಿ ರೋಗ ತಾಗದ ಮರಕ್ಕೂ ಹಾಗೇ ಮಾಡಿ. ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದವರಿಗೆ ತಿಳಿಸಿ. ಅದರ ಗೋಟನ್ನು, ಅಂದರೆ ಹಣ್ಣಾದ ಅಡಿಕೆಯನ್ನು, ಮಾತ್ರ ಮಾರಬೇಡಿ, ಬೀಜಕ್ಕೆ ಇಟ್ಟುಕೊಳ್ಳಿ.