ಮೂರೆಲೆ ಬರುತ್ತೆ ಅಂತ ಗೋವಾ ಕ್ಯಾಸಿನೋಗೆ ಹೊರಟಿದ್ದೀರಾ? ಮೊದ್ಲು ಇದನ್ನ ಓದಿ

ನಮ್ ಭಾವ ಕೆ.ಆರ್.ಪೇಟೆ ಕಡೆಯವರು. ಯುಗಾದಿ ಬಂತು ಅಂದ್ರೆ ಮಂಡ್ಯ ಸೀಮೆಲಿ ಇಸ್ಪೀಟು ಹೆಂಗಿರುತ್ತೆ ಅಂತ ಗೊತ್ತಿರೋರಿಗೆ ಗೊತ್ತು, ಒಬ್ಬಟ್ಟು ತಿಂದು ಕೈ ತೊಳೆಯೋದ್ರೊಳಗೆ ಜಗಲಿ ಮೇಲೆ ಚಾಪೆ ಬಿದ್ದಿರುತ್ತೆ. ಆ ಚಾಪೆ ಮೇಲೆ ಭಾವನ ಮೂರೆಲೆ ಆಟಕ್ಕೆ ಒಂದು ಹೆಸರಿದೆ, ಕೈಲಿ ಏನೂ ಇಲ್ದೇ ಇದ್ರೂ ಬ್ಲೈಂಡ್ ಮೇಲೆ ಬ್ಲೈಂಡ್ (ಎಲೆ ನೋಡದೇನೇ ಇಡೋ ಪಂದ್ಯ) ಏರಿಸಿ ಎಕ್ಕದ ಜೋಡಿ ಇಟ್ಕೊಂಡೋನನ್ನೇ ಪ್ಯಾಕ್ ಮಾಡಿಸಿಬಿಡೋ, ಅಂದ್ರೆ ಹೆದರಿಸಿ ಎಲೆ ಕೆಳಗಿಡಿಸಿಬಿಡೋ ಗಂಡಾಳು. ಅಂಥೋರು ಪಣಜಿ ಕ್ಯಾಸಿನೋದ ತ್ರೀ ಕಾರ್ಡ್ ಪೋಕರ್ ಟೇಬಲ್‌ನಲ್ಲಿ ಒಂದೂವರೆ ಗಂಟೆಲಿ ಹೆಂಗೆ ಬರಿಗೈಯಾದ್ರು ಅನ್ನೋದನ್ನ ಹತ್ರದಿಂದ ನೋಡ್ಕೊಂಡು ಬಂದೆ. ನೀವೂ ಹೋಗೋ ಪ್ಲಾನ್ ಹಾಕಿದ್ರೆ ಉಪಯೋಗಕ್ಕೆ ಬರುತ್ತೆ ಅಂತ ಬರೀತಿದೀನಿ.

ಹೋಗೋ ದಾರಿ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಬೆಂಗಳೂರಿಂದ ರಾತ್ರಿ ಸ್ಲೀಪರ್ ಬಸ್ ಹತ್ತಿದ್ರೆ ಬೆಳಗ್ಗೆ ಪಣಜಿ ಕದಂಬ ಬಸ್ ಸ್ಟ್ಯಾಂಡ್. ಟ್ರೈನ್ ಬೇಕು ಅಂದ್ರೆ ಯಶವಂತಪುರದಿಂದ ವಾಸ್ಕೋಗೆ ಹೋಗೋದು ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಹೋಗುತ್ತೆ, ಮಡಗಾಂವಲ್ಲಿ ಇಳೀಬೇಕು. ಮಂಗಳೂರು ಉಡುಪಿ ಕಡೆಯವರಿಗೆ ಕೊಂಕಣ ರೈಲ್ವೇಲಿ ಕರ್ಮಳಿ ಹತ್ರ ಆಗುತ್ತೆ. ಬೆಳಗಾವಿಯವರು ಚೋರ್ಲಾ ಘಾಟಲ್ಲಿ ಕಾರಲ್ಲೇ ಹೋಗ್ತಾರೆ. ಒಂದು ಮಾತ್ರ ಕೇಳಿ, ಬೀಚ್ ಆಸೆಗೆ ಕಲಂಗೂಟಲ್ಲಿ ರೂಮ್ ಮಾಡಿ ರಾತ್ರಿ ಕ್ಯಾಸಿನೋಗೆ ಬರ್ತೀನಿ ಅನ್ಬೇಡಿ, ಬೆಳಗಿನ ಜಾವ ಮೂರು ಗಂಟೆಗೆ ವಾಪಸ್ ಹೋಗೋ ಟ್ಯಾಕ್ಸಿ ರೇಟ್ ಕೇಳಿದ್ರೆ ಟೇಬಲ್‌ನಲ್ಲಿ ಸೋತಿದ್ದೇ ಕಮ್ಮಿ ಅನ್ಸುತ್ತೆ. ಪಣಜಿಲೇ ಇರಿ, ನಡ್ಕೊಂಡು ಹೋಗಿ ಬರಬಹುದು.

ಹಡಗುಗಳೆಲ್ಲಾ ಮಾಂಡೋವಿ ನದಿಲೇ ನಿಂತಿರ್ತವೆ, ಡೆಲ್ಟಿನ್ ರಾಯಲ್, ಬಿಗ್ ಡ್ಯಾಡಿ, ಕ್ಯಾಸಿನೋ ಪ್ರೈಡ್ ಅಂತ ದಡದಿಂದಲೇ ಬೋರ್ಡ್ ಮಿಂಚ್ತಿರುತ್ತೆ. ನದಿ ಪಕ್ಕದ ಬಂದೋಡ್ಕರ್ ರಸ್ತೆಲಿ ಕೌಂಟರ್, ಅಲ್ಲಿಂದ ಸಣ್ಣ ಬೋಟ್‌ನಲ್ಲಿ ಕರ್ಕೊಂಡು ಹೋಗ್ತಾರೆ. ಯಾಕೆ ಹಡಗು ಅಂದ್ರೆ ಅದಕ್ಕೂ ಕಾರಣ ಇದೆ, ಗೋವಾದ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಫೈವ್ ಸ್ಟಾರ್ ಹೋಟೆಲ್‌ಗಳಿಗೆ ಮೆಷಿನ್ ಆಟಕ್ಕೆ ಮಾತ್ರ ಪರ್ಮಿಶನ್ ಕೊಟ್ರು, ಎಲೆ ಹಂಚೋ ಲೈವ್ ಟೇಬಲ್‌ಗೆ ಅವಕಾಶ ಬಂದಿದ್ದು 1996ರಲ್ಲಿ, ಅದೂ ನೀರಿನ ಮೇಲಿನ ಹಡಗಿಗೆ. ಹಂಗಾಗಿ ಪೋಕರ್ ಟೇಬಲ್ ಬೇಕು ಅಂದ್ರೆ ಬೋಟ್ ಹತ್ತಲೇಬೇಕು. 21 ತುಂಬಿರ್ಬೇಕು, ಒರಿಜಿನಲ್ ಐಡಿ ಬೇಕು. ಜೊತೆಗೆ ಬಂದಿದ್ದ ನಮ್ ಹುಬ್ಳಿ ಫ್ರೆಂಡ್ ಚಡ್ಡಿ ಚಪ್ಪಲಿ ನಡೆಯಲ್ಲ ಅಂತ ಮೊದಲೇ ಹೇಳಿದ್ದ, ಆದ್ರೂ ಭಾವ ಚಡ್ಡಿ ಚಪ್ಪಲಿಲಿ ರೆಡಿಯಾಗಿದ್ರು. ರೂಮಿಗೆ ವಾಪಸ್ ಹೋಗಿ ಪ್ಯಾಂಟು ಶೂ ಹಾಕ್ಕೊಂಡು ಬರೋದ್ರಲ್ಲಿ ಅರ್ಧ ಗಂಟೆ ಹೋಯ್ತು.

ಎಂಟ್ರಿ ಪ್ಯಾಕೇಜ್‌ನಲ್ಲಿ ಊಟ, ಡ್ರಿಂಕ್ಸ್, ಜೊತೆಗೆ ಒಂದಷ್ಟು ಚಿಪ್ಸ್ (ಟೇಬಲ್ ಮೇಲೆ ದುಡ್ಡಿನ ಬದಲು ಇಡೋ ಬಿಲ್ಲೆ) ಕೊಡ್ತಾರೆ. ಇಲ್ಲೇ ನೋಡಿ ನಾವು ಮೊದಲು ಬಿದ್ದಿದ್ದು. ನಮಗೆ ಕೊಟ್ಟ ಚಿಪ್ಸ್ ಓಟಿಪಿ, ಅಂದ್ರೆ ಒಂದೇ ಸಲ ಆಡೋಕೆ, ಕ್ಯಾಶ್ ಮಾಡೋಕಾಗಲ್ಲ. ಬುಕ್ ಮಾಡುವಾಗ ಫೋನ್‌ನಲ್ಲಿ ಮಾತಾಡಿದ ಪುಣ್ಯಾತ್ಮ "ಸರ್ ನೀವು ಕೊಟ್ಟಿದ್ದರಲ್ಲಿ ಅರ್ಧ ಚಿಪ್ಸಲ್ಲೇ ವಾಪಸ್ ಬರುತ್ತೆ" ಅಂದಿದ್ದ, ಕ್ಯಾಶ್ ಆಗಲ್ಲ ಅನ್ನೋದನ್ನ ನುಂಗಿಬಿಟ್ಟಿದ್ದ. ಯಾವ ಹಡಗು ಅಂತ ಹೇಳಲ್ಲ ಬಿಡಿ, ನೀವು ಮಾತ್ರ ದುಡ್ಡು ಕಟ್ಟೋ ಮುಂಚೆ ಎರಡು ಪ್ರಶ್ನೆ ಕೇಳಿ: ಓಟಿಪಿ ಎಷ್ಟು, ಯಾವ ಟೇಬಲ್‌ನಲ್ಲಿ ಓಡುತ್ತೆ. ಮೂರನೇದು ಜಿಎಸ್‌ಟಿ. ಕ್ಯಾಸಿನೋ ಮೇಲೆ 28 ಪರ್ಸೆಂಟ್ ಇದ್ದಿದ್ದು 2025ರ ಸೆಪ್ಟೆಂಬರ್ 22ರಿಂದ 40 ಆಗಿದೆ, ಅದನ್ನ ಲೆಕ್ಕ ಹಾಕೋದು ನೀವು ಚಿಪ್ಸ್ ಕೊಳ್ಳೋ ದುಡ್ಡಿನ ಮೇಲೆ, ಗೆದ್ದ ಚಿಪ್ಸನ್ನ ಮತ್ತೆ ಇಟ್ಟು ಆಡಿದ್ರೆ ಅದಕ್ಕೆ ಮತ್ತೆ ಬೀಳಲ್ಲ. ಹತ್ತು ಸಾವಿರ ಕೊಟ್ರೆ ಕೈಗೆ ಎಷ್ಟರ ಚಿಪ್ಸ್ ಬರುತ್ತೆ ಅಂತ ಕೌಂಟರಲ್ಲೇ ಕೇಳ್ಕೊಳ್ಳಿ.

ಒಳಗೆ ಪೋಕರ್ ಅಂತ ಎರಡು ಜಾತಿ ಇರುತ್ತೆ. ಪೋಕರ್ ರೂಮ್ ಅಂದ್ರೆ ನಿಮ್ಮ ಹಾಗೇ ಬಂದಿರೋರ ಜೊತೆ ಆಟ, ಹಡಗಿನವರು ಪ್ರತಿ ಪಾಟ್‌ನಿಂದ (ಮಧ್ಯದಲ್ಲಿ ಸೇರಿದ ಪಂದ್ಯದ ದುಡ್ಡು) ಕಮಿಷನ್ ಮುರ್ಕೋತಾರೆ ಅಷ್ಟೆ, ಅಲ್ಲಿ ಹೊಸಬರು ಕೂರೋದು ಬೇಡ. ಇನ್ನೊಂದು ಟೇಬಲ್ ಗೇಮ್, ಅಲ್ಲಿ ನಿಮ್ಮ ಎದುರಾಳಿ ಹಡಗಿನ ಪರವಾಗಿ ಎಲೆ ಹಂಚೋ ಡೀಲರ್ ಒಬ್ಬರೇ, ಪಕ್ಕದಲ್ಲಿ ಕೂತೋನು ಗೆದ್ರೂ ಸೋತ್ರೂ ನಿಮಗೆ ಸಂಬಂಧ ಇಲ್ಲ. ಇದರಲ್ಲೇ ನಾವು ಕೂತಿದ್ದು ತ್ರೀ ಕಾರ್ಡ್ ಪೋಕರ್. 1994ರ ಸುಮಾರಿಗೆ ಡೆರೆಕ್ ವೆಬ್ ಅಂತ ಇಂಗ್ಲೆಂಡಿನ ಪೋಕರ್ ಆಟಗಾರ ಹುಟ್ಟುಹಾಕಿದ ಆಟ ಇದು, ಆದ್ರೆ ಮೊದಲನೇ ಸಲ ನೋಡಿದ್ರೆ ನಮ್ಮ ಮೂರೆಲೆನೇ ಕದ್ದಿದ್ದಾರೆ ಅನ್ಸುತ್ತೆ. ಭಾವನೂ ಅದನ್ನೇ ಅಂದ್ರು, "ಲೋ, ಇದ್ ನಮ್ಮಾಟ ಕಣ್ಲಾ, ಕೂತ್ಕೋ ಬಾ".

ಆಟ ಹಿಂಗೆ. ನಿಮ್ಮ ಮುಂದೆ ಬಟ್ಟೆ ಮೇಲೆ ಮೂರು ಗುರುತು ಇರುತ್ತೆ, ಪೇರ್ ಪ್ಲಸ್, ಆಂಟಿ, ಪ್ಲೇ. ("ಯಾವ ಆಂಟಿನೋ" ಅಂತ ಭಾವ ಇಡೀ ರಾತ್ರಿ ಅದೇ ಜೋಕ್ ಹೊಡೆದ್ರು, ಬಿಡಿ.) ಮೊದಲು ಆಂಟಿ ಜಾಗದಲ್ಲಿ ಚಿಪ್ ಇಡ್ಬೇಕು, ನಾವು ಹೋದ ದಿನ ಮಿನಿಮಮ್ 500 ಇತ್ತು. ನಿಮಗೆ ಮೂರೆಲೆ, ಡೀಲರ್‌ಗೆ ಮೂರೆಲೆ. ನಿಮ್ಮದನ್ನ ನೋಡ್ಕೊಂಡು ಎರಡೇ ದಾರಿ, ಫೋಲ್ಡ್ ಮಾಡಿದ್ರೆ, ಅಂದ್ರೆ ಎಲೆ ಬಿಟ್ರೆ, 500 ಹೋಯ್ತು, ಆಡ್ತೀನಿ ಅಂದ್ರೆ ಪ್ಲೇ ಜಾಗದಲ್ಲಿ ಇನ್ನೊಂದು 500 ಇಡ್ಬೇಕು, ಜಾಸ್ತಿನೂ ಇಡಂಗಿಲ್ಲ ಕಮ್ಮಿನೂ ಇಲ್ಲ. ಆಮೇಲೆ ಡೀಲರ್ ತನ್ನೆಲೆ ತೆಗೀತಾರೆ. ಅವರ ಹತ್ರ ಕಡೇಪಕ್ಷ ಒಂದು ರಾಣಿ ಅಥವಾ ಅದಕ್ಕಿಂತ ದೊಡ್ಡದು ಇದ್ರೆ ಮಾತ್ರ ಅವರ ಕೈ ಲೆಕ್ಕಕ್ಕೆ, ಅದನ್ನ ಕ್ವಾಲಿಫೈ ಅಂತಾರೆ. ಕ್ವಾಲಿಫೈ ಆಗ್ಲಿಲ್ಲ ಅಂದ್ರೆ ನಿಮ್ಮ ಕೈಲಿ ಏನೇ ಇದ್ರೂ ಆಂಟಿಗೆ ಸಮ ದುಡ್ಡು ಕೊಟ್ಟು ಪ್ಲೇ ದುಡ್ಡು ಹಂಗೇ ವಾಪಸ್ ಕೊಡ್ತಾರೆ. ಕ್ವಾಲಿಫೈ ಆಗಿ ನೀವು ಗೆದ್ರೆ ಎರಡಕ್ಕೂ ಸಮ ದುಡ್ಡು, ಸೋತ್ರೆ ಎರಡೂ ಹೋಯ್ತು.

ಈಗ ಭಾವನ ಕಥೆ. ಮೂರನೇ ಕೈಗೋ ನಾಲ್ಕನೇ ಕೈಗೋ ಅವರಿಗೆ ಬಂದಿದ್ದು ಗುಲಾಮ, ಎಂಟು, ಮೂರು, ಮೂರೂ ಬೇರೆ ಬೇರೆ ಜಾತಿ (ಇಸ್ಪೀಟು, ಆಟೀನು ಥರ). ಊರಲ್ಲಿ ಆಡೋ ಥರನೇ ಎಲೆ ಕಡೆ ನೋಡಿಯೂ ನೋಡದಂಗೆ ಮಾಡಿ, ಮೀಸೆ ಸವರಿ, ಡೀಲರ್ ಮುಖ ನೋಡ್ತಾ ಟಪ್ ಅಂತ ಪ್ಲೇ ಮೇಲೆ ಚಿಪ್ ಕುಕ್ಕಿದ್ರು. ಆ ಹುಡುಗಿ ನಗಲೂ ಇಲ್ಲ, ಹೆದರಲೂ ಇಲ್ಲ, ತನ್ನ ಮೂರೆಲೆ ಸಾಲಾಗಿ ಬಿಡಿಸಿ ರಾಣಿ ತೋರಿಸಿ ಎರಡೂ ಚಿಪ್ಪು ಬಾಚ್ಕೊಂಡ್ಲು. "ಅಷ್ಟು ಧೈರ್ಯವಾಗಿ ಇಟ್ಟೆ, ಪ್ಯಾಕ್ ಮಾಡ್ಲೇ ಇಲ್ವಲ್ಲೋ" ಅಂದ್ರು ಭಾವ. ಅದಕ್ಕೆ ನಮ್ ಹುಬ್ಳಿಯವ, "ಭಾವಾರ, ಆಕಿ ಯಾಕ ಅಂಜ್ಬೇಕ್ರೀ, ಆಕಿ ಮನೀ ರೊಕ್ಕೇನ್ ಅದು?"

ಇಷ್ಟೇ ವಿಷಯ. ಡೀಲರ್‌ಗೆ ಪ್ಯಾಕ್ ಮಾಡೋ ಅಧಿಕಾರವೇ ಇಲ್ಲ, ಹಾಗಾಗಿ ಬ್ಲಫ್ (ಸುಳ್ಳು ಧೈರ್ಯ ತೋರಿಸಿ ಹೆದರಿಸೋದು) ಅನ್ನೋದೇ ಈ ಟೇಬಲ್‌ನಲ್ಲಿ ಇಲ್ಲ. ಬೇಕಾದ್ರೆ ಲೆಕ್ಕ ಹಾಕಿ. ಡೀಲರ್ ಕ್ವಾಲಿಫೈ ಆಗದೇ ಇರೋದು ಹತ್ತು ಕೈಲಿ ಸುಮಾರು ಮೂರು ಸಲ. ನಿಮ್ಮ ಹತ್ರ ಗುಲಾಮನೇ ದೊಡ್ಡದು ಅಂತಿಟ್ಕೊಳ್ಳಿ, ಕ್ವಾಲಿಫೈ ಆದ ಡೀಲರ್‌ನ ನೀವು ಯಾವತ್ತೂ ಸೋಲಿಸಕ್ಕಾಗಲ್ಲ. ಅಂಥ ಹತ್ತು ಕೈನೂ ಆಡಿದ್ರೆ ಮೂರು ಸಲ 500ರಂತೆ 1,500 ಬರುತ್ತೆ, ಏಳು ಸಲ 1,000ದಂತೆ 7,000 ಹೋಗುತ್ತೆ, ಒಟ್ಟು ಲಾಸು 5,500. ಹತ್ತೂ ಸಲ ಸುಮ್ನೆ ಫೋಲ್ಡ್ ಮಾಡಿದ್ರೆ 5,000. ಮೀಸೆ ಸವರಿದ್ದಕ್ಕೆ 500 ರೂಪಾಯಿ ದಂಡ.

ಹಾಗಾದ್ರೆ ಯಾವಾಗ ಆಡ್ಬೇಕು? ಲೆಕ್ಕ ಗೊತ್ತಿರೋರೆಲ್ಲ ಹೇಳೋದು ಒಂದೇ ಸೂತ್ರ: ರಾಣಿ, ಆರು, ನಾಲ್ಕು. ಅದು ಅಥವಾ ಅದಕ್ಕಿಂತ ದೊಡ್ಡ ಕೈ ಇದ್ರೆ ಆಡಿ, ಇಲ್ಲಾಂದ್ರೆ ಬಿಡಿ. ಜೋಡಿ ಮತ್ತು ಅದರ ಮೇಲಿನದ್ದು ಆಡೋದೇ. ಎಕ್ಕ ಅಥವಾ ರಾಜ ಇದ್ರೆ ಉಳಿದೆರಡು ಏನಿದ್ರೂ ಆಡಿ. ರಾಣಿ ಇದ್ದು ಎರಡನೇ ಎಲೆ ಏಳು ಅಥವಾ ಮೇಲಿದ್ರೆ ಆಡಿ. ರಾಣಿ, ಆರು ಇದ್ರೆ ಮೂರನೇದು ನಾಲ್ಕೋ ಐದೋ ಆಗಿರ್ಬೇಕು, ಮೂರು ಬಂದ್ರೆ ಬಿಡಿ. ನನಗೆ ಒಂದು ಸಲ ಕರೆಕ್ಟಾಗಿ ರಾಣಿ ಆರು ಮೂರೇ ಬಂತು, ಬಿಟ್ಟೆ. ಡೀಲರ್ ತೆಗೆದ್ರೆ ಹತ್ತು ದೊಡ್ಡದು, ಕ್ವಾಲಿಫೈ ಆಗಿಲ್ಲ. ಹೊಟ್ಟೆ ಉರೀತು ನಿಜ, ಆದ್ರೂ ಅದನ್ನ ಆಡಬಾರದು.

ಮೂರೆಲೆ ಆಡೋರು ಎಡವೋ ಇನ್ನೊಂದು ಜಾಗ ಅಂದ್ರೆ ಯಾವುದು ದೊಡ್ಡದು ಅನ್ನೋದು. ನಮ್ಮಲ್ಲಿ ಟ್ರಯಲ್‌ಗಿಂತ (ಮೂರೂ ಒಂದೇ ಎಲೆ) ಮೇಲೆ ಏನಿಲ್ಲ, ಮೂರು ಎಕ್ಕ ಬಂದ್ರೆ ಮುಗೀತು. ಇಲ್ಲಿ ಪ್ಯೂರ್ ಸೀಕ್ವೆನ್ಸ್, ಅಂದ್ರೆ ಒಂದೇ ಜಾತಿಯ ಸಾಲು ಮೂರೆಲೆ, ಟ್ರಯಲ್‌ನ ಹೊಡೆಯುತ್ತೆ. ಯಾಕಂದ್ರೆ 52 ಎಲೆಲಿ ಮೂರೆಲೆ ಬರೋ ದಾರಿ ಒಟ್ಟು 22,100, ಅದರಲ್ಲಿ ಟ್ರಯಲ್ 52 ಇದ್ರೆ ಪ್ಯೂರ್ ಸೀಕ್ವೆನ್ಸ್ 48 ಅಷ್ಟೇ, ಅಪರೂಪದ್ದು ಮೇಲೆ. ಅದರ ಕೆಳಗೆ ಸೀಕ್ವೆನ್ಸ್, ಕಲರ್ (ಮೂರೂ ಒಂದೇ ಜಾತಿ), ಜೋಡಿ ನಮ್ಮ ಕ್ರಮದಲ್ಲೇ. ಹಂಗೇ ಎಕ್ಕ ಎರಡು ಮೂರು ನಮ್ಮ ಕಡೆ ಎಷ್ಟೋ ಜನ ಎರಡನೇ ದೊಡ್ಡ ಸೀಕ್ವೆನ್ಸ್ ಅಂತಾರೆ, ಇಲ್ಲಿ ಅದೇ ಎಲ್ಲಕ್ಕಿಂತ ಸಣ್ಣದು.

ಸೀಕ್ವೆನ್ಸ್ ಅಂದಾಗ ನೆನಪಾಯ್ತು. ನನಗೆ ಏಳು ಎಂಟು ಒಂಬತ್ತು ಬಂದಿತ್ತು, ಎದೆ ಢವಢವ. ಡೀಲರ್‌ಗೆ ಗುಲಾಮ ದೊಡ್ಡದು, ಕ್ವಾಲಿಫೈ ಇಲ್ಲ! ಆಂಟಿಗೆ 500, ಪ್ಲೇ ದುಡ್ಡು ವಾಪಸ್, ಅದರ ಮೇಲೆ ಆಂಟಿ ಬೋನಸ್ ಅಂತ ಇನ್ನೊಂದು 500. ಈ ಬೋನಸ್ ಡೀಲರ್ ಕೈ ಏನೇ ಇರ್ಲಿ ಕೊಡ್ತಾರೆ, ಸಾಮಾನ್ಯವಾಗಿ ಸೀಕ್ವೆನ್ಸ್‌ಗೆ ಒಂದರಷ್ಟು, ಟ್ರಯಲ್‌ಗೆ ನಾಲ್ಕರಷ್ಟು, ಪ್ಯೂರ್ ಸೀಕ್ವೆನ್ಸ್‌ಗೆ ಐದರಷ್ಟು. ಊರಲ್ಲಾಗಿದ್ರೆ ಆ ಕೈಲಿ ಎಲ್ಲರ ಜೇಬು ಖಾಲಿ ಮಾಡಿಸ್ತಿದ್ದೆ, ಇಲ್ಲಿ ಒಳ್ಳೆ ಕೈ ಬಂತು ಅಂತ ಏರ್ಸೋಕೂ ಆಗಲ್ಲ.

ಪೇರ್ ಪ್ಲಸ್ ಅನ್ನೋದು ಬೇರೆಯೇ ಪಂದ್ಯ, ಎಲೆ ಹಂಚೋ ಮುಂಚೆನೇ ಇಡ್ಬೇಕು, ನಿಮಗೆ ಜೋಡಿ ಅಥವಾ ಮೇಲಿನದ್ದು ಬಂದ್ರೆ ದುಡ್ಡು, ಡೀಲರ್ ಗೊಡವೆ ಇಲ್ಲ. ನಾಲ್ಕರಲ್ಲಿ ಮೂರು ಸಲ ಏನೂ ಬರಲ್ಲ ಅನ್ನೋದು ತಲೇಲಿರಲಿ. ಇಲ್ಲಿ ಕೂರೋ ಮುಂಚೆ ಬಟ್ಟೆ ಮೇಲೆ ಪ್ರಿಂಟ್ ಮಾಡಿರೋ ರೇಟು ಓದಿ, ಅದರಲ್ಲೂ ಕಲರ್ ಮುಂದೆ ಏನಿದೆ ಅಂತ. ಪ್ಯೂರ್ ಸೀಕ್ವೆನ್ಸ್‌ಗೆ ಇಟ್ಟಿದ್ದರ 40ರಷ್ಟು, ಟ್ರಯಲ್‌ಗೆ 30, ಸೀಕ್ವೆನ್ಸ್‌ಗೆ 6, ಕಲರ್‌ಗೆ 4, ಜೋಡಿಗೆ 1 ಅಂತಿದ್ರೆ ನೂರು ರೂಪಾಯಿಗೆ ಹಡಗಿನ ಪಾಲು ಸರಾಸರಿ 2 ರೂಪಾಯಿ 32 ಪೈಸೆ. ಮಿಕ್ಕಿದ್ದೆಲ್ಲ ಹಾಗೇ ಇದ್ದು ಕಲರ್‌ಗೆ ಮಾತ್ರ 3 ಅಂತ ಮಾಡಿದ್ರೆ ಅದು 7 ರೂಪಾಯಿ 28 ಪೈಸೆ ಆಗುತ್ತೆ. ಕಲರ್ ಇಪ್ಪತ್ತು ಕೈಗೊಂದು ಬರುತ್ತಲ್ಲ, ಅದಕ್ಕೇ ಆ ಒಂದಂಕಿಗೆ ಅಷ್ಟು ಬೆಲೆ. ನಾವು ಕೂತ ಟೇಬಲ್‌ನಲ್ಲಿ 3 ಇತ್ತು, ನಾನು ಪೇರ್ ಪ್ಲಸ್ ಮುಟ್ಲಿಲ್ಲ, ಭಾವ ಪ್ರತಿ ಕೈಗೂ ಇಟ್ರು.

ದುಡ್ಡು ಎಷ್ಟು ತಗೊಂಡು ಹೋಗ್ಬೇಕು ಅಂತ ಕೇಳ್ತೀರ. ಬೋರ್ಡ್‌ನಲ್ಲಿ 500 ಅಂತಿದ್ರೂ ಒಂದು ಕೈಗೆ 1,000 ರೆಡಿ ಇರ್ಬೇಕು, ಇದನ್ನ ಮರೆತೇ ಜನ ಕೆಡೋದು. ಕಮ್ಮಿ ಅಂದ್ರೆ ಮಿನಿಮಮ್‌ನ ಇಪ್ಪತ್ತೈದು ಮೂವತ್ತರಷ್ಟು ಇಲ್ಲದೆ ಕೂತ್ರೆ ಒಂದು ಕೆಟ್ಟ ಸಾಲು ಬಂದ ತಕ್ಷಣ ಎದ್ದು ಹೋಗ್ಬೇಕಾಗುತ್ತೆ. ಸೂತ್ರದ ಪ್ರಕಾರವೇ ಆಡಿದ್ರೂ ಪ್ರತಿ ಆಂಟಿ ಮೇಲೆ ಸರಾಸರಿ 3.37 ಪರ್ಸೆಂಟ್ ಹಡಗಿಗೆ, ಅಂದ್ರೆ 500ಕ್ಕೆ ಹತ್ರ ಹತ್ರ 17 ರೂಪಾಯಿ, ಗಂಟೆಗೆ ನಲವತ್ತು ಕೈ ಅಂದ್ರೆ ಸುಮಾರು 680. ಸಿನಿಮಾ ಟಿಕೆಟ್ ಅನ್ಕೊಂಡು ಅಷ್ಟನ್ನ ಮೊದಲೇ ಬಿಟ್ಟುಬಿಡಿ. ಹಂಗಂತ ಅದು ಸರಾಸರಿ, ನಾನು 1,500 ಲಾಸಲ್ಲಿ ಎದ್ದೆ, ಹುಬ್ಳಿಯವ ಎರಡು ಸಾವಿರ ಲಾಭದಲ್ಲಿ, ಭಾವ ತಂದಿದ್ದು ಪೂರ್ತಿ ಕಳ್ಕೊಂಡು. ದೊಡ್ಡದಾಗಿ ಗೆದ್ರೆ ಗೆದ್ದ ದುಡ್ಡಿಗೆ 30 ಪರ್ಸೆಂಟ್ ಇನ್‌ಕಮ್ ಟ್ಯಾಕ್ಸ್ ಇದೆ, ಸೋತಿದ್ದನ್ನ ಅದರಲ್ಲಿ ಕಳೆಯಂಗಿಲ್ಲ.

ಪಕ್ಕದಲ್ಲೇ ಕೆರಿಬಿಯನ್ ಸ್ಟಡ್, ಕ್ಯಾಸಿನೋ ಹೋಲ್ಡೆಮ್ ಟೇಬಲ್‌ಗಳೂ ಸಿಗಬಹುದು. ಕೆರಿಬಿಯನ್‌ನಲ್ಲಿ ಐದೆಲೆ, ಆಡ್ತೀನಿ ಅಂದ್ರೆ ಆಂಟಿಯ ಎರಡರಷ್ಟು ಇಡ್ಬೇಕು, ಡೀಲರ್‌ಗೆ ಎಕ್ಕ ಮತ್ತು ರಾಜ ಎರಡೂ, ಇಲ್ಲಾ ಜೋಡಿ ಅಥವಾ ಅದಕ್ಕಿಂತ ದೊಡ್ಡದು ಇದ್ರೇ ಕ್ವಾಲಿಫೈ, ಹಡಗಿನ ಪಾಲು ಆಂಟಿ ಮೇಲೆ 5.22 ಪರ್ಸೆಂಟ್. ನಾನು ಹತ್ರ ಹೋಗ್ಲಿಲ್ಲ.

ಟೇಬಲ್ ಮರ್ಯಾದೆ ಸ್ವಲ್ಪ ಇದೆ. ಎಲೆ ಒಂದೇ ಕೈಲಿ ಎತ್ತಿ, ಟೇಬಲ್‌ನಿಂದ ಆಚೆ ತರಬೇಡಿ. ಎಲೆ ಹಂಚಿದ ಮೇಲೆ ಆಂಟಿ ಚಿಪ್ ಮುಟ್ಟಬೇಡಿ. ಪಕ್ಕದವರಿಗೆ ತೋರಿಸಿ "ಏನ್ ಮಾಡ್ಲಿ" ಅಂತ ಕೇಳಿದ್ರೆ ಸೂಪರ್‌ವೈಸರ್ ಬರ್ತಾರೆ, ನಮಗೆ ಎರಡು ಸಲ ಬಂದ್ರು. ಫೋನ್ ಜೇಬಲ್ಲೇ ಇರಲಿ. ಹೋಗೋ ಮುಂಚೆ ಮನೇಲಿ ಒಂದು ಪ್ಯಾಕ್ ಇಸ್ಪೀಟು, ಜೋಕರ್ ತೆಗೆದು, ಹುಣಸೆಬೀಜನ ಚಿಪ್ಸ್ ಮಾಡ್ಕೊಂಡು ಐವತ್ತು ಕೈ ಆಡಿ, ರಾಣಿ ಆರು ನಾಲ್ಕು ತಾನಾಗೇ ಬಾಯಿಗೆ ಬರುತ್ತೆ. ನಾನು ಹಂಗೇ ಮಾಡಿದ್ದೆ, ಭಾವನ್ನ ಕರೆದ್ರೆ "ನಂಗ್ ಹೇಳ್ಕೊಡ್ತೀಯೇನ್ಲಾ" ಅಂದಿದ್ರು.

ಬರುವಾಗ ಜೇಬೆಲ್ಲಾ ತಡಕಿ ಚಿಪ್ಸ್ ಕ್ಯಾಶ್ ಮಾಡಿಸ್ಕೊಂಡೇ ಬೋಟ್ ಹತ್ತಿ, ಒಂದು ಹಡಗಿನದ್ದು ಇನ್ನೊಂದರಲ್ಲಿ ನಡೆಯಲ್ಲ. ಭಾವನ ಪ್ಯಾಂಟ್ ಜೇಬಲ್ಲಿ ಒಂದು ನೂರರ ಚಿಪ್ಪು ಉಳ್ಕೊಂಡಿತ್ತು, ವಾಷಿಂಗ್ ಮೆಷಿನ್‌ನಲ್ಲಿ ಲಟಲಟ ಅಂತ ಸದ್ದು ಬಂದು ಅಕ್ಕನ ಕೈಗೆ ಸಿಕ್ತು. ಈಗ ಮಕ್ಕಳು ಚೌಕಾಬಾರ ಆಡುವಾಗ ಅದೊಂದು ಕಾಯಿ.