ಆರು ಮಿಣಿ ಆಳದ ನೀರು: ನಮೀಬಿಯಾದಲ್ಲಿ ಹತ್ತು ದಿನ

ಸೆಸ್ರೀಮ್, ಆಫ್ರಿಕಾದ ನಮೀಬಿಯಾ ದೇಶದ ಮರುಭೂಮಿಯಲ್ಲಿರೋ ಒಂದು ಜಾಗ. ಅಲ್ಲಿನ ಆಫ್ರಿಕಾನ್ಸ್ ಭಾಷೆಯಲ್ಲಿ ಸೆಸ್ ಅಂದ್ರೆ ಆರು, ರೀಮ್ ಅಂದ್ರೆ ಚರ್ಮದ ಹಗ್ಗ. ಹಿಂದೆ ಎತ್ತಿನ ಗಾಡಿಯಲ್ಲಿ ಈ ದಾರಿ ಹಿಡಿದವರು ಇಲ್ಲಿನ ಕಮರಿಯ ತಳದಿಂದ ನೀರು ಸೇದೋಕೆ ಆರು ಹಗ್ಗಗಳನ್ನು ಒಂದಕ್ಕೊಂದು ಗಂಟು ಹಾಕಬೇಕಿತ್ತಂತೆ. ಗೈಡ್ ಇದನ್ನು ಹೇಳಿದ ತಕ್ಷಣ ತಂಗಿ ನನ್ನ ಕಡೆ ತಿರುಗಿ, “ಅಕ್ಕಾ, ಮಿಣಿ!” ಅಂದಳು. ಚಳ್ಳಕೆರೆ ಹತ್ತಿರದ ನಮ್ಮೂರಲ್ಲಿ ಅಜ್ಜನ ಕಾಲಕ್ಕೆ ಕಪಿಲೆ ಬಾವಿ ಇತ್ತು. ಎತ್ತುಗಳು ಎಳೆಯುವ ಚರ್ಮದ ಹಗ್ಗಕ್ಕೆ ನಮ್ಮಲ್ಲಿ ಮಿಣಿ ಅಂತಾರೆ. ಬಾವಿ ಬತ್ತಿ ಎಷ್ಟೋ ವರ್ಷ ಕಳೆದ ಮೇಲೂ ಅಟ್ಟದ ಮೇಲೆ ಒಂದು ತುಂಡು ಮಿಣಿ ಬಿದ್ದಿತ್ತು, ಒಣಗಿ ಕಟ್ಟಿಗೆ ಹಾಗೆ. ಏಳು ಸಮುದ್ರದಾಚೆ ಒಂದು ಜಾಗಕ್ಕೆ ಅದರದೇ ಹೆಸರು ಇಟ್ಟಿದ್ದಾರೆ ಅಂದಾಗ ಮೈ ಜುಂ ಅಂತು.

ನಾವು ಹೋಗಿದ್ದು 2024ರ ಆಗಸ್ಟಿನಲ್ಲಿ. ರಾಜಧಾನಿ ವಿಂಡ್‌ಹುಕ್‌ನಿಂದ ಹೊರಟು ಅಲ್ಲಿಗೇ ವಾಪಸ್ ಬರುವ ಕ್ಯಾಂಪಿಂಗ್ ಟೂರ್. ನಾನು, ತಂಗಿ, ಬೇರೆ ಬೇರೆ ದೇಶದ ಹನ್ನೆರಡು ಜನ, ಒಬ್ಬ ಡ್ರೈವರ್, ಒಬ್ಬ ಗೈಡ್. ನಮ್ಮ ಗಾಡಿಯನ್ನು ಅಲ್ಲಿ ಬಸ್ ಅನ್ನೋದಿಲ್ಲ, ಟ್ರಕ್ ಅಂತಾರೆ. ಲಾರಿಯ ಚಾಸಿ ಮೇಲೆ ಎತ್ತರಕ್ಕೆ ಸೀಟು ಕೂರಿಸಿ, ಕೆಳಗಿನ ಖಾನೆಗಳಲ್ಲಿ ಟೆಂಟು, ಒಲೆ, ಪಾತ್ರೆ, ನೀರಿನ ಟ್ಯಾಂಕು ಎಲ್ಲ ತುಂಬಿರ್ತಾರೆ. ಕರ್ನಾಟಕದ ನಾಲ್ಕು ಪಟ್ಟಿಗೂ ದೊಡ್ಡ ದೇಶ, ಜನ ಮಾತ್ರ ಸುಮಾರು 30 ಲಕ್ಷ. ಜಲ್ಲಿ ರಸ್ತೆಯಲ್ಲಿ ಗಂಟೆಗಟ್ಟಲೆ ಹೋದರೂ ಎದುರಿಗೆ ಒಂದು ಗಾಡಿ ಬರೋದಿಲ್ಲ.

ಟೆಂಟನ್ನು ನಾವೇ ಹಾಕಬೇಕು, ನಾವೇ ಬಿಚ್ಚಬೇಕು. ಪಾತ್ರೆ ತೊಳೆಯೋದು ಸರದಿ ಪ್ರಕಾರ. ಈ ಪಾತ್ರೆ ತೊಳೆಯೋ ಕ್ರಮ ನನಗೆ ತುಂಬಾ ಹಿಡಿಸಿತು. ಸಾಲಾಗಿ ಮೂರು ಬೋಗುಣಿ. ಮೊದಲನೆಯದು ಸೋಪು ನೀರು, ಎರಡನೆಯದು ಬರೀ ನೀರು, ಮೂರನೆಯದು ಕ್ರಿಮಿನಾಶಕ ಬೆರೆಸಿದ್ದು. ಹದಿನಾರು ಜನರ ತಟ್ಟೆ ಲೋಟ ಎಲ್ಲ ಆ ಮೂರು ಬೋಗುಣಿ ನೀರಲ್ಲೇ ಮುಗಿಯಬೇಕು. ಒರೆಸೋಕೆ ಬಟ್ಟೆ ಕೊಡೋದಿಲ್ಲ, ಬಟ್ಟೆಯಿಂದ ಸೋಂಕು ಹರಡುತ್ತೆ ಅಂತ. ತಟ್ಟೆಗಳನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಗೆ ಬೀಸಿ ಬೀಸಿ ಒಣಗಿಸಬೇಕು. ಸಂಜೆ ಹೊತ್ತು ಎಲ್ಲರೂ ಸುತ್ತ ನಿಂತು ತಟ್ಟೆ ಬೀಸುತ್ತಾ ಮಾತಾಡೋದು. ಪರಿಚಯ ಆಗಿದ್ದೇ ಅಲ್ಲಿ.

ಸಸ್ಯಾಹಾರದ್ದು ತೊಂದರೆ ಆಗಬಹುದು ಅಂತ ಹೆದರಿದ್ದೆವು. ಗೈಡ್ ನಮಗೆ ಅಂತಲೇ ಬೇರೆ ಪಾತ್ರೆ ಇಟ್ಟರು. ಅವರು ಉತ್ತರದ ಓವಾಂಬೊ ಸೀಮೆಯವರು. ಅವರ ಊರಿನ ಮುಖ್ಯ ಬೆಳೆ ಮಹಾಂಗು, ಅಂದ್ರೆ ನಮ್ಮ ಸಜ್ಜೆ! ಒಂದು ರಾತ್ರಿ ಮನೆಯಿಂದ ತಂದಿದ್ದ ಹಿಟ್ಟಿನಲ್ಲಿ ಓಶಿಫಿಮಾ ಮಾಡಿದರು. ಕುದಿಯೋ ನೀರಿಗೆ ಹಿಟ್ಟು ಸುರಿದು, ಮರದ ಕೋಲಲ್ಲಿ ತಿರುವುವಾಗ ಅವರ ಭುಜ ಆಡಿದ ರೀತಿ ನೋಡಿ ಅಮ್ಮನ ನೆನಪಾಯ್ತು. ನಾವು ಬೆರಳಲ್ಲಿ ಮುರಿದು, ಸೊಪ್ಪಿನ ಪಲ್ಯದಲ್ಲಿ ಅದ್ದಿ ತಿಂದಿದ್ದನ್ನು ಕಂಡು, “ಇದನ್ನ ನಿಮಗೆ ಯಾರು ಹೇಳಿಕೊಟ್ರು?” ಅಂತ ಕೇಳಿದರು. ಮುದ್ದೆ ಬಗ್ಗೆ ಹೇಳಿದೆವು. ಅವತ್ತಿನಿಂದ ನಮ್ಮ ಮಾತು ಬರೀ ಬೆಳೆ, ಮಳೆ, ದನದ್ದೇ ಆಯ್ತು.

ಸೆಸ್ರೀಮ್‌ನಲ್ಲಿ ಪಾರ್ಕಿನ ಒಳಗೇ ಟೆಂಟು ಹಾಕಿದವರಿಗೆ ಒಂದು ಅನುಕೂಲ ಇದೆ. ಒಳಗಿನ ಗೇಟು ಸೂರ್ಯ ಹುಟ್ಟೋ ಮುಂಚೆಯೇ ತೆಗೀತಾರೆ. ಕತ್ತಲಲ್ಲೇ ಹೊರಟು ಡ್ಯೂನ್ 45 ಅನ್ನೋ ಮರಳ ದಿಬ್ಬದ ಬುಡಕ್ಕೆ ಬಂದೆವು. ಸೆಸ್ರೀಮ್‌ನಿಂದ 45 ಕಿಲೋಮೀಟರ್ ದೂರ, ಅದಕ್ಕೇ ಆ ಹೆಸರು. ಚಪ್ಪಲಿ ಬಿಟ್ಟು ಹತ್ತಿದೆ. ಮರಳು ಐಸಿನಷ್ಟು ತಣ್ಣಗಿತ್ತು. ಮೇಲೆ ಕೂತು ನೋಡುವಾಗ ಬಿಸಿಲು ಬಿದ್ದ ಕಡೆ ದಿಬ್ಬ ಹೊಸ ಹೆಂಚಿನ ಬಣ್ಣಕ್ಕೆ ತಿರುಗಿತು, ಇನ್ನೊಂದು ಮಗ್ಗುಲು ಹಾಗೇ ಕಪ್ಪಗಿತ್ತು. ಈ ಮರಳಲ್ಲಿ ಹೆಚ್ಚಿನದು ದಕ್ಷಿಣದ ಆರೆಂಜ್ ನದಿ ಹೊತ್ತು ತಂದಿದ್ದು. ನದಿ ಸಮುದ್ರಕ್ಕೆ ಹಾಕುತ್ತೆ, ಸಮುದ್ರ ಉತ್ತರಕ್ಕೆ ಒಯ್ದು ದಡಕ್ಕೆ ಎಸೆಯುತ್ತೆ, ಅಲ್ಲಿಂದ ಗಾಳಿ ಒಳನಾಡಿಗೆ ತರುತ್ತೆ. ಮರಳಲ್ಲಿರೋ ಕಬ್ಬಿಣ ತುಕ್ಕು ಹಿಡಿದು ಕೆಂಪಾಗುತ್ತೆ.

ಅಲ್ಲಿಂದ ಮುಂದೆ ಡೆಡ್‌ವ್ಲೇ. ನಾನು ಇಡೀ ಪ್ರವಾಸದಲ್ಲಿ ಜಾಸ್ತಿ ಹೊತ್ತು ಸುಮ್ನೆ ನಿಂತಿದ್ದು ಇಲ್ಲೇ. ಸುತ್ತ ಕೆಂಪು ದಿಬ್ಬ, ನಡುವೆ ಬೆಳ್ಳಗಿನ ಒಣ ನೆಲ, ಅದರಲ್ಲಿ ಕಪ್ಪಗೆ ನಿಂತ ಸತ್ತ ಮರಗಳು. ಒಂದು ಕಾಲಕ್ಕೆ ತ್ಸೌಚಾಬ್ ನದಿಯ ನೀರು ಇಲ್ಲಿವರೆಗೆ ಬರ್ತಿತ್ತು. ಆಮೇಲೆ ದಿಬ್ಬಗಳು ಅಡ್ಡ ಬಂದವು, ನೀರು ನಿಂತಿತು. ಮರಗಳು ಸತ್ತು ಆರೇಳು ನೂರು ವರ್ಷ ಆಗಿದೆ ಅಂತಾರೆ. ಹಂಪಿಯಲ್ಲಿ ವಿಜಯನಗರ ತಲೆ ಎತ್ತುತ್ತಿದ್ದ ಆಸುಪಾಸಿನ ಕಾಲ. ಗಾಳಿಯಲ್ಲಿ ಪಸೆಯೇ ಇಲ್ಲದ್ದರಿಂದ ಅವು ಕೊಳೆತೂ ಇಲ್ಲ. ಮುಟ್ಟಬೇಡಿ ಅಂದಿದ್ದರು. ಹತ್ತಿರ ಬಗ್ಗಿ ನೋಡಿದೆ. ತೊಗಟೆ ಹೋಗಿ, ಹಿಂಡಿದ ಬಟ್ಟೆಯ ಮಡಿಕೆ ಹಾಗೆ ತಿರುಚಿದ ಗೆರೆಗಳು. ಕಾಲ ಕೆಳಗೆ ಬಿರುಕು ಬಿಟ್ಟ ನೆಲ. ಬೇಸಿಗೆಯಲ್ಲಿ ನಮ್ಮೂರ ಕೆರೆಯಂಗಳ ಹೀಗೇ ಇರುತ್ತೆ. ಅದರಲ್ಲಿ ಕ್ರಿಕೆಟ್ ಆಡಿ ಬೆಳೆದವಳು ನಾನು. ತಂಗಿ ಏನೂ ಮಾತಾಡಲಿಲ್ಲ, ನನ್ನ ಕೈ ಹಿಡಿದುಕೊಂಡಳು.

ಮಕರ ವೃತ್ತದ ಬೋರ್ಡಿನ ಹತ್ತಿರ ಎಲ್ಲರ ಹಾಗೆ ಫೋಟೋ ತೆಗೆಸಿಕೊಂಡು ಕರಾವಳಿಗೆ ಇಳಿದೆವು. ಸ್ವಾಕೋಪ್‌ಮುಂಡ್ ಹತ್ತಿರ ಬರುವಾಗ ಬಿಸಿಲು ಪಟ್ಟನೆ ಮಾಯ. ಸಮುದ್ರದಲ್ಲಿ ಬೆಂಗ್ವೆಲಾ ಅನ್ನೋ ತಣ್ಣನೆಯ ಪ್ರವಾಹ ಹರಿಯುತ್ತೆ. ಅದರಿಂದ ಮಳೆ ಹುಟ್ಟೋದಿಲ್ಲ, ಮಂಜು ಹುಟ್ಟುತ್ತೆ. ಊರ ಹೊರಗಿನ ಮರಳಲ್ಲಿ ಒಂದು ಕರಿ ಜೀರುಂಡೆ ತೋರಿಸಿದರು. ಅದರ ಜಾತಿಯವು ಮಂಜು ಬಿದ್ದ ಬೆಳಿಗ್ಗೆ ದಿಬ್ಬದ ನೆತ್ತಿಗೆ ಹತ್ತಿ, ತಲೆ ಕೆಳಗೆ ಹಿಂಭಾಗ ಮೇಲೆ ಮಾಡಿ ನಿಲ್ಲುತ್ತವೆ. ಬೆನ್ನಿನ ಮೇಲೆ ಕೂತ ಮಂಜು ಹನಿಯಾಗಿ ಜಾರಿ ಬಾಯಿಗೆ ಬರುತ್ತೆ. ಅಷ್ಟು ಚಿಕ್ಕ ಜೀವ ತನ್ನ ಮೈಯನ್ನೇ ಬಾವಿ ಮಾಡಿಕೊಂಡಿದೆ ಅಲ್ವಾ?

ಸ್ವಾಕೋಪ್‌ಮುಂಡ್, ನಮೀಬಿಯಾ ಜರ್ಮನ್ನರ ವಸಾಹತಾಗಿದ್ದಾಗ ಅವರು ಕಟ್ಟಿದ ಊರು, ಚಂದದ ಕಟ್ಟಡಗಳಿವೆ. ಆದರೆ ನನಗೆ ಮರೆಯೋಕೆ ಆಗದ್ದು ಅಲ್ಲಿನ ಸ್ಮಶಾನದ ಅಂಚು. ಕಲ್ಲಿಲ್ಲ, ಹೆಸರಿಲ್ಲ, ಸಣ್ಣ ಸಣ್ಣ ಮರಳ ಗುಡ್ಡೆಗಳು, ಕಣ್ಣು ಹಾಯಿಸಿದಷ್ಟೂ. 1904ರಿಂದ 1908ರವರೆಗೆ ಜರ್ಮನ್ ಸೇನೆ ಇಲ್ಲಿನ ಹೆರೆರೊ ಮತ್ತು ನಾಮಾ ಜನರನ್ನು ಮರುಭೂಮಿಗೆ ಅಟ್ಟಿ, ನೀರಿನ ಸೆಲೆಗಳ ಹತ್ತಿರ ಬಿಡದೆ ಸಾಯಿಸಿತು. ಉಳಿದವರನ್ನು ಶಿಬಿರಗಳಲ್ಲಿ ಕೂಡಿಹಾಕಿ ದುಡಿಸಿತು. ಒಂದು ಶಿಬಿರ ಈ ಊರಲ್ಲೇ ಇತ್ತು. ಇದು ನರಮೇಧ ಅಂತ ಜರ್ಮನಿ ಅಧಿಕೃತವಾಗಿ ಒಪ್ಪಿಕೊಂಡಿದ್ದು 2021ರಲ್ಲಿ. ಟೂರಿನ ಪಟ್ಟಿಯಲ್ಲಿ ಈ ಜಾಗ ಇರಲಿಲ್ಲ, ಇರಬೇಕಿತ್ತು. ಅಲ್ಲಿಗೆ ಹೋಗುವವರು ಅರ್ಧ ಗಂಟೆ ಬಿಡುವು ಮಾಡಿಕೊಂಡು ನೋಡಿ ಬನ್ನಿ.

ಉತ್ತರಕ್ಕೆ ಹೋಗುವ ದಾರಿಯಲ್ಲಿ, ದಡದ ಹತ್ತಿರವೇ ಸಿಕ್ಕಿಹಾಕಿಕೊಂಡ ಝೈಲಾ ಹಡಗು ಕಾಣುತ್ತೆ. ಮೀನು ಹಿಡಿಯೋ ಹಡಗು. 2008ರಲ್ಲಿ ಗುಜರಿಗೆ ಮಾರಿ ಮುಂಬೈಗೆ ಎಳೆದುಕೊಂಡು ಹೋಗುವಾಗ ಹಗ್ಗ ತಪ್ಪಿ ಇಲ್ಲೇ ನಿಂತುಬಿಟ್ಟಿತು. ಈಗ ಅದರ ತುಂಬಾ ನೀರುಕಾಗೆಗಳು. ಕೇಪ್ ಕ್ರಾಸ್‌ನಲ್ಲಿ ಸಾವಿರಾರು ಸೀಲ್‌ಗಳಿದ್ದವು, ವಾಸನೆ ಬಟ್ಟೆಗೆಲ್ಲ ಹತ್ತಿತ್ತು. ಮರಿಗಳು ಕುರಿಮರಿ ಥರಾನೇ ಕೂಗುತ್ತವೆ. ಅಷ್ಟು ಗದ್ದಲದಲ್ಲೂ ತಾಯಿ ತನ್ನ ಮರಿಯ ದನಿಯನ್ನು ಗುರುತು ಹಿಡಿಯುತ್ತೆ.

ಸ್ಪಿಟ್ಸ್‌ಕೊಪ್ಪೆಯ ಬಂಡೆಗಳ ನಡುವೆ ಒಂದು ರಾತ್ರಿ ಇದ್ದೆವು. ಚಿತ್ರದುರ್ಗದವರಿಗೆ ಅದು ತವರಿನ ಹಾಗೆ ಕಾಣುತ್ತೆ, ಅಷ್ಟೇ ಹೇಳ್ತೀನಿ. ನಮ್ಮಲ್ಲಿ ದಕ್ಷಿಣದ ಅಂಚಿನಲ್ಲಿ ಹುಡುಕಬೇಕಾದ ತ್ರಿಶಂಕು ನಕ್ಷತ್ರಗಳು ಅಲ್ಲಿ ಬಂಡೆಯ ಮೇಲೆ ಆರಾಮಾಗಿ ನಿಂತಿದ್ದವು.

ಕೊನೆಗೆ ಎಟೋಶಾ. 1907ರಿಂದ ರಕ್ಷಿತ ಪ್ರದೇಶ, ಈಗ 22 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ಹೆಸರಿನ ಅರ್ಥ ದೊಡ್ಡ ಬಿಳಿ ಜಾಗ. ನಡುವೆ ಉಪ್ಪು ಮಣ್ಣಿನ ಒಣ ಹರವು, ಕಣ್ಣಿಗೆ ಕೊನೆಯೇ ಸಿಗೋದಿಲ್ಲ. ಅಲ್ಲಿನ ಆನೆಗಳೂ ಬೆಳ್ಳಗೆ, ಸುಣ್ಣ ಬಳಿದ ಹಾಗೆ. ಬಿಳಿ ಕೆಸರಲ್ಲಿ ಹೊರಳಿ ಬಂದಿದ್ದು. ಚೀತಾ ನಮಗೆ ಸಿಗಲಿಲ್ಲ. ಗೈಡ್ ಮಾತ್ರ, “ನಮ್ಮ ಚೀತಾಗಳು ನಿಮ್ಮ ದೇಶದಲ್ಲಿ ಹೇಗಿವೆ?” ಅಂತ ಕೇಳಿದರು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ಕಾಡಿಗೆ ಬಂದ ಎಂಟು ಚೀತಾಗಳ ಬಗ್ಗೆ. ಕೆಲವು ಸತ್ತವು, ಮರಿಗಳೂ ಹುಟ್ಟಿವೆ ಅಂದೆ. ತಲೆ ಆಡಿಸಿದರು.

ಆ ವರ್ಷ ಅಲ್ಲಿ ಭಾರಿ ಬರ. ಮೇ ತಿಂಗಳಲ್ಲೇ ಸರ್ಕಾರ ತುರ್ತು ಪರಿಸ್ಥಿತಿ ಸಾರಿತ್ತು. ಗೈಡ್ ಮನೆಯಲ್ಲಿ ಮಹಾಂಗು ಕೈಗೆ ಬಂದಿರಲಿಲ್ಲ. ನಮಗೆ ಉಣಬಡಿಸಿದ ಆ ಹಿಟ್ಟು ಹಿಂದಿನ ವರ್ಷದ್ದು ಅಂತ ಆಗ ಗೊತ್ತಾಯ್ತು. ಊರಿಗೆ ಬಂದ ಮೇಲೆ ಇನ್ನೊಂದು ಸುದ್ದಿ ಓದಿದೆ. ಹಸಿದ ಜನರಿಗೆ ಮಾಂಸ ಕೊಡಲು, ಮೇವು ನೀರಿನ ಮೇಲಿನ ಒತ್ತಡ ಇಳಿಸಲು, 83 ಆನೆಗಳೂ ಸೇರಿ 723 ಕಾಡುಪ್ರಾಣಿಗಳನ್ನು ಕೊಲ್ಲುವ ತೀರ್ಮಾನ. ಎಟೋಶಾದ ಪ್ರಾಣಿಗಳು ಅದರಲ್ಲಿ ಇರಲಿಲ್ಲ. ಆದರೂ ಓದುವಾಗ ನನ್ನ ಕಣ್ಣ ಮುಂದೆ ಬಂದಿದ್ದು ಎಟೋಶಾ ಒಳಗಿನ ಒಕಾಕುಯೊ ಕ್ಯಾಂಪಿನ ನೀರಿನ ಹೊಂಡ.

ಅಲ್ಲಿ ಕಲ್ಲಿನ ಮೋಟುಗೋಡೆಯ ಈಚೆ ನಾವು, ಆಚೆ ಹೊಂಡ. ರಾತ್ರಿಯಿಡೀ ಮಂದ ದೀಪ. ಕಂಬಳಿ ಹೊದ್ದು ಕೂತಿದ್ದೆವು, ಯಾರೂ ಪಿಸುಗುಡುತ್ತಲೂ ಇರಲಿಲ್ಲ. ಒಂಬತ್ತು ಗಂಟೆ ದಾಟಿದ ಮೇಲೆ ಒಂದು ಕಪ್ಪು ಘೇಂಡಾಮೃಗ ಮರಿಯ ಜೊತೆ ಬಂತು. ಅಷ್ಟರಲ್ಲಿ ಆನೆಗಳು ಬಂದವು. ಘೇಂಡಾಮೃಗ ನಾಲ್ಕು ಹೆಜ್ಜೆ ಹಿಂದೆ ಸರಿದು, ಮರಿಯನ್ನು ಪಕ್ಕಕ್ಕೆ ಹಾಕಿಕೊಂಡು ಕಾಯ್ತಾ ನಿಂತಿತು. ಆನೆಗಳು ನೀರು ಎಳೆದು ಬಾಯಿಗೆ ಸುರಿದುಕೊಳ್ಳುವ ಸದ್ದು ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅರ್ಧ ಗಂಟೆ ಕಳೆದು ಅವು ಹೋದವು. ತಾಯಿ ಮೊದಲು ಮೂಸಿ ನೋಡಿತು. ಮರಿ ಮುಂಗಾಲು ಮಡಚಿ ನೀರಿಗೆ ಬಾಯಿ ಇಟ್ಟಿತು.