ಸಂಜೆ ಬರುವವರಿಗೂ ಒಂದು ನಕ್ಷೆ

ನಮ್ಮ ರಾತ್ರಿ ಶಾಲೆಗೆ ಆಗ ಸ್ವಂತ ಕಟ್ಟಡ ಇರಲಿಲ್ಲ. ಹಗಲಲ್ಲಿ ಬೇರೆ ಶಾಲೆಯ ಮಕ್ಕಳು ಕೂರುತ್ತಿದ್ದ ಬೆಂಚುಗಳಲ್ಲೇ ಸಂಜೆ ನಾವು ಕೂರುತ್ತಿದ್ದೆವು. ಹೆಚ್ಚಿನವರು ಉಡುಪಿ, ಕುಂದಾಪುರದ ಕಡೆಯಿಂದ ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಬಂದವರು. ನಾನೂ ಮಾಟುಂಗಾದ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದೆ.

ಭೂಗೋಳದ ಮಾಸ್ಟ್ರು ಹಗಲು ಹೊತ್ತು ಬ್ಯಾಂಕಿನಲ್ಲಿ ಗುಮಾಸ್ತರು. ಒಂದು ದಿನ, "ನೀವು ದಿನಾ ನಡೆದು ಬರುವ ದಾರಿಯ ನಕ್ಷೆ ಬರೆಯಿರಿ" ಅಂದರು. ನಾನು ಕಿಂಗ್ಸ್ ಸರ್ಕಲ್, ಫೈವ್ ಗಾರ್ಡನ್ಸ್, ನಡುವಿನ ಅಗಲ ರಸ್ತೆಗಳನ್ನೆಲ್ಲ ಬರೆದೆ. ನೋಡಿ ಹೇಳಿದರು: "ಈ ತೋಟಗಳು ತಾವಾಗಿ ಉಳಿದದ್ದಲ್ಲ ಮಾರಾಯ. ಯಾರೋ ಕೂತು ಯೋಚಿಸಿ ಬಿಟ್ಟ ಜಾಗ ಇದು."

ಆಮೇಲೆ ಪುಸ್ತಕದಲ್ಲಿಲ್ಲದ ಪಾಠ ಶುರುವಾಯಿತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟು ಕೇರಿಗಳಲ್ಲಿ ಜನ ಸತ್ತರು. 1898ರಲ್ಲಿ ಊರನ್ನು ಸುಧಾರಿಸಲೆಂದು ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. ದಾದರ್, ಮಾಟುಂಗಾದಲ್ಲಿ ಅಗಲ ರಸ್ತೆ, ತೋಟ ಇಟ್ಟುಕೊಂಡು ಹೊಸ ಬಡಾವಣೆ ಹಾಕಿದರು. 1923ರಲ್ಲಿ ವಿಜೆಟಿಐ ಎಂಬ ತಾಂತ್ರಿಕ ಕಾಲೇಜು ಮಾಟುಂಗಾಕ್ಕೆ ಬಂತು. 1937ರಲ್ಲಿ ರುಯಿಯಾ ಕಾಲೇಜು. ದಿನಾ ಅವುಗಳ ಹತ್ತಿರ ಓಡಾಡುತ್ತಿದ್ದ ನನಗೆ ಊರನ್ನು ಹೀಗೂ ಕಟ್ಟಬಹುದು ಎಂದು ಗೊತ್ತಾದದ್ದು ಅವತ್ತು.

ಎಸ್‌ಎಸ್‌ಸಿ ಆದಮೇಲೆ ಆರ್ಕಿಟೆಕ್ಟ್ ಆಫೀಸಿನಲ್ಲಿ ನಕ್ಷೆಗಳ ನಕಲು ತೆಗೆಯುವ ಟ್ರೇಸರ್ ಆದೆ. ಕೆಲಸ ಮಾಡುತ್ತಲೇ ಓದಿ ನಗರ ಯೋಜನೆಗೆ ಬಂದೆ. ಮಹಾರಾಷ್ಟ್ರದ 1966ರ ಯೋಜನಾ ಕಾಯಿದೆಯ ಪ್ರಕಾರ ಶಾಲೆಗೆ, ಆಟದ ಮೈದಾನಕ್ಕೆ ಡಿಪಿಯಲ್ಲಿ, ಅಂದರೆ ಊರಿನ ಅಭಿವೃದ್ಧಿ ಯೋಜನೆಯಲ್ಲಿ, ಜಾಗ ಮೀಸಲಿಡಬಹುದು. ಆದರೆ 10 ವರ್ಷದೊಳಗೆ ಅದನ್ನು ವಶಕ್ಕೆ ತೆಗೆದುಕೊಳ್ಳದಿದ್ದರೆ ಮಾಲೀಕರು ನೋಟಿಸು ಕೊಡಬಹುದು. ಆಮೇಲೂ ಗಡುವಿನೊಳಗೆ ಏನೂ ಆಗದಿದ್ದರೆ ಮೀಸಲು ಬಿದ್ದುಹೋಗುತ್ತದೆ. ನಕ್ಷೆಯಲ್ಲಿ ಹಸಿರು ಬಣ್ಣ ಹಚ್ಚಿದರೆ ಸಾಲದು, ಹಿಂದೆ ಬಿದ್ದು ಕೆಲಸ ಮುಗಿಸಬೇಕು. ಇಲ್ಲದಿದ್ದರೆ ಮಕ್ಕಳ ಮೈದಾನ ಹೋದಂತೆಯೇ.

ವರ್ಷಗಳು ಕಳೆದಂತೆ ಕಾಲೇಜು ಕ್ಯಾಂಪಸ್‌ಗಳ ಕೆಲಸವೇ ಜಾಸ್ತಿ ಬಂತು. ಎಲ್ಲರೂ ಎಷ್ಟು ಚದರಡಿ, ಎಷ್ಟು ಎಫ್‌ಎಸ್‌ಐ (ಜಾಗದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು, ಸಂಜೆ ಆರರ ಮೇಲೆ ಇಲ್ಲಿಗೆ ಯಾರು ಬರುತ್ತಾರೆ? ಒಂದು ಕಾಲೇಜಿನಲ್ಲಿ ಸ್ಟೇಷನ್ ಕಡೆಯ ಗೇಟಿಗೆ ಸಂಜೆಯೇ ಬೀಗ. ಸಂಜೆ ಕ್ಲಾಸಿನ ಹುಡುಗಿಯರು ಕತ್ತಲ ಗೋಡೆಯ ಪಕ್ಕ ಸುತ್ತಿಕೊಂಡು ಹೋಗಬೇಕಿತ್ತು. ಗೇಟಿನ ಪಕ್ಕಕ್ಕೇ ವಾಚ್‌ಮನ್ ಕ್ಯಾಬಿನ್ ಮತ್ತು ಜೆರಾಕ್ಸ್ ಅಂಗಡಿ ತಂದೆವು. ಜನ ಇದ್ದರು, ಹೆದರಿಕೆ ಹೋಯಿತು. ಗೇಟು ರಾತ್ರಿ ಹತ್ತರವರೆಗೆ ತೆರೆದಿರತೊಡಗಿತು. ದೀಪದ ವಿಷಯವೂ ಹಾಗೇ. ಕಂಬ ಮರದ ಕೊಂಬೆಗಿಂತ ಎತ್ತರ ಇದ್ದರೆ ಬೆಳಕೆಲ್ಲ ಎಲೆಗಳ ಮೇಲೇ ಉಳಿಯುತ್ತದೆ, ನಡೆಯುವವರ ಕಾಲಡಿ ಕತ್ತಲೆ. ಹಾಗಾಗಿ ಕಾಲುದಾರಿಗೆ ಗಿಡ್ಡ ಕಂಬಗಳನ್ನೇ ಹಾಕಿಸುತ್ತೇನೆ. ಇದೆಲ್ಲ ನನಗೆ ಡಿಗ್ರಿಯಲ್ಲಿ ಯಾರೂ ಹೇಳಿಕೊಡಲಿಲ್ಲ. ರಾತ್ರಿ ಶಾಲೆಯಿಂದ ಹೋಟೆಲಿಗೆ ವಾಪಸು ನಡೆದದ್ದೇ ಕಲಿಸಿತು.

ಈಗ ನಮ್ಮ ಶಾಲೆಗೆ ಸ್ವಂತ ಕಟ್ಟಡದ ಮಾತು ನಡೆಯುತ್ತಿದೆ ಎಂದು ಕೇಳಿ ತುಂಬಾ ಖುಷಿಯಾಯಿತು. ಸಮಿತಿಯವರಲ್ಲಿ ಒಂದು ವಿನಂತಿ. ಒಳಗೆ ಬರುವಲ್ಲೇ ಸಾಲಾಗಿ ನಲ್ಲಿಗಳಿರಲಿ. ಕೆಲಸದಿಂದ ನೇರ ಬರುವ ಹುಡುಗರು ಕೈಕಾಲು, ಮುಖ ತೊಳೆದು ಕ್ಲಾಸಿಗೆ ಹೋಗಲಿ. ಹೆಣ್ಣುಮಕ್ಕಳ ಶೌಚಾಲಯ ಕಟ್ಟಡದ ಹಿಂದೆ ಬೇಡ, ಮೆಟ್ಟಿಲ ಹತ್ತಿರ, ಬೆಳಕಿರುವ ಕಡೆ ಇರಲಿ. ನಕ್ಷೆ ಮಂಜೂರಾತಿಗೆ ಹೋಗುವ ಮೊದಲು ನನಗೊಂದು ಫೋನ್ ಮಾಡಿ. ಪೆನ್ಸಿಲ್ ಹಿಡಿದುಕೊಂಡು ಬರುತ್ತೇನೆ.